ವಾಸನೆ ಹೋಯಿತು, ನೀರು?

ಪುಣೆ–ಸೋಲಾಪುರ ಹೆದ್ದಾರಿಯ ಮೇಲಿರುವ ದೌಂಡ್ ತಾಲೂಕಿನ ಕುರಕುಂಭಕ್ಕೆ ಎರಡು ಗುರುತು: ಫಿರಂಗಾಯಿ ದೇವಿಯ ಗುಡಿ ಮತ್ತು ರಾಸಾಯನಿಕ ಕಾರ್ಖಾನೆಗಳ ಕೈಗಾರಿಕಾ ಪ್ರದೇಶ (ಎಂಐಡಿಸಿ). ಕಲಬುರಗಿ ಕಡೆಯಿಂದ ದುಡಿಮೆಗೆಂದು ಪುಣೆಯ ರೈಲು ಹತ್ತಿದವರು ದೌಂಡ್ ಜಂಕ್ಷನ್ ಹಾದೇ ಹೋಗಬೇಕು. ಇಂಥ ಕಾರ್ಖಾನೆಗಳ ಪಕ್ಕ ಮನೆ ಮಾಡಿದವರಿಗೆ ನೀರಿನ ಭಯ ಇರುವುದು ಸಹಜ. ಸುತ್ತಲಿನ ಬಾವಿಗಳು ಕೆಟ್ಟವೆಂಬ ಗ್ರಾಮಸ್ಥರ ದೂರು ಹಳೆಯದು. ನನ್ನ ತಕರಾರು ಭಯದ ಮೇಲಲ್ಲ. ಆ ಭಯವೆಲ್ಲ ನಳದ ನೀರಿನ ‘ಟಿಸಿಎಲ್ ವಾಸನೆ’ಯ ಮೇಲೆ ಹೋಗಿ ಕೂತಿದೆ. ಆ ಭಾಗದಲ್ಲಿ ಬ್ಲೀಚಿಂಗ್ ಪುಡಿಗೆ ಟಿಸಿಎಲ್ ಎನ್ನುತ್ತಾರೆ. ವಾಸನೆ ಹೋದರೆ ನೀರು ಶುದ್ಧವಾಯಿತು ಎಂಬ ನಂಬಿಕೆಯ ಮೇಲೆ ಫಿಲ್ಟರಿನ ವ್ಯಾಪಾರ ನಿಂತಿದೆ. ಈ ನಂಬಿಕೆ ಅರ್ಧ ತಪ್ಪು, ಕೆಲವು ಮನೆಗಳಲ್ಲಿ ಪೂರ್ತಿ ತಪ್ಪು.

ವಾಸನೆ ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡೋಣ. ಪುಣೆಯ ಕೊಳೆಯನ್ನು ಹೊತ್ತ ಮುಳಾ–ಮುಠಾ ಇದೇ ದೌಂಡ್ ತಾಲೂಕಿನಲ್ಲಿ ಭೀಮೆಯನ್ನು ಸೇರುತ್ತದೆ. ಚರಂಡಿ ನೀರಿನ ಜೊತೆ ಅಮೋನಿಯಾ ಬರುತ್ತದೆ. ಅಂಥ ನೀರಿಗೆ ಹಾಕಿದ ಕ್ಲೋರಿನ್ ಮೊದಲು ಅಮೋನಿಯಾದ ಜೊತೆ ಬೆರೆತು ಕ್ಲೋರಮೈನ್ ಆಗುತ್ತದೆ. ಅಮೆರಿಕದ ಎಷ್ಟೋ ನಗರಗಳು ಬೇಕೆಂದೇ ಅಮೋನಿಯಾ ಬೆರೆಸಿ ಇದನ್ನು ಮಾಡಿಕೊಳ್ಳುತ್ತವೆ. ನಮ್ಮಲ್ಲಿ ಯಾರೂ ಬಯಸದೆಯೇ ಅದು ಹುಟ್ಟುತ್ತದೆ. ಒಂದು ಪಾಲು ಅಮೋನಿಯಾ ಸಾರಜನಕವನ್ನು ಪೂರ್ತಿ ಸುಟ್ಟುಹಾಕಲು ಎಂಟರಿಂದ ಹತ್ತು ಪಾಲು ಕ್ಲೋರಿನ್ ಬೇಕು. ಅಷ್ಟು ಹಾಕದೆ ನಡುದಾರಿಯಲ್ಲಿ ನಿಲ್ಲಿಸಿದರೆ ಮೂಗಿಗೆ ಬಡಿಯುವ ಘಾಟಿನ ಕ್ಲೋರಮೈನುಗಳು ಉಳಿದುಬಿಡುತ್ತವೆ. ಅಂದರೆ ಘಾಟು ಜಾಸ್ತಿ ಇದ್ದ ಕಡೆ ಕ್ಲೋರಿನ್ ಜಾಸ್ತಿಯಾಗಿದೆ ಎಂದೇನೂ ಅಲ್ಲ. ಎಷ್ಟೋ ಸಲ ಸಾಲದಾಗಿರುತ್ತದೆ! ‘ಪುಡಿ ಕಡಿಮೆ ಹಾಕಿ’ ಎಂದು ಪಂಚಾಯ್ತಿಗೆ ಹೋಗಿ ಜಗಳವಾಡುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಮನೆ ಮುಟ್ಟುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕು; 1 ಮಿಲಿಗ್ರಾಂವರೆಗೆ ಇದ್ದರೂ ನಡೆಯುತ್ತದೆ. ಕ್ಲೋರಮೈನಿಗೆ ಮಿತಿ 4 ಮಿಲಿಗ್ರಾಂ. ಈ ಅಳತೆಯೊಳಗಿನ ನೀರು ಕುಡಿದರೆ ರುಚಿ ಕೆಡಬಹುದು, ಆರೋಗ್ಯ ಕೆಡುವುದಿಲ್ಲ. ಕ್ಲೋರಿನ್ ಸಾವಯವ ಕೊಳೆಯ ಜೊತೆ ಸೇರಿ ಹುಟ್ಟಿಸುವ ಟ್ರೈಹ್ಯಾಲೋಮೀಥೇನುಗಳ ಚಿಂತೆ ನಿಜವಾದದ್ದೇ. 1974ರಲ್ಲಿ ಅದನ್ನು ಮೊದಲು ಬಯಲಿಗೆ ತಂದವರು ರಾಟರ್‌ಡ್ಯಾಮಿನ ಯೋಹಾನೆಸ್ ರೂಕ್. ಆದರೆ ಅದು ವರ್ಷಗಟ್ಟಲೆ ಕುಡಿದಾಗಿನ ಚಿಂತೆ. ವಾಂತಿಭೇದಿಗೆ ಒಂದು ಲೋಟ ಸಾಕು.

ಮನೆಮದ್ದುಗಳಿಗೆ ಬರೋಣ. ಹಂಡೆಯಲ್ಲೋ ಹರವಿಯಲ್ಲೋ ರಾತ್ರಿಯಿಡೀ ತೆರೆದಿಟ್ಟರೆ ಮುಕ್ತ ಕ್ಲೋರಿನ್ ಬಹುಪಾಲು ಇಳಿದುಹೋಗುತ್ತದೆ. ಕ್ಲೋರಮೈನ್ ದಿನಗಟ್ಟಲೆ ಕೂತಿರುತ್ತದೆ. ಕುದಿಸಿದರೂ ಅದು ನಿಧಾನಕ್ಕೇ ಹೋಗುತ್ತದೆ, ಸಿಲಿಂಡರಿನ ಖರ್ಚು ಮಾತ್ರ ಕೂಡಲೇ ಗೊತ್ತಾಗುತ್ತದೆ. ಪಟಿಕ ಕೆಸರನ್ನು ತಳಕ್ಕೆ ಕೂರಿಸುತ್ತದೆ, ಕ್ಲೋರಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಇವೆಲ್ಲಕ್ಕಿಂತ ಅಗ್ಗದ, ಚುರುಕಾದ ಉಪಾಯ ಲಿಂಬೆಹಣ್ಣು. ಒಂದು ಪಾಲು ಕ್ಲೋರಿನ್ನಿಗೆ ಎರಡೂವರೆ ಪಾಲು ವಿಟಮಿನ್ ಸಿ ಸಾಕು. ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಇದ್ದರೆ ಒಂದು ಚಮಚ ರಸ ಆ ಲೆಕ್ಕ ತೀರಿಸಿ ಮಿಕ್ಕೀತು. ಕ್ಲೋರಮೈನೂ ಇದಕ್ಕೆ ಮಣಿಯುತ್ತದೆ. ಚಹಾದ ಸೊಪ್ಪು ಕೂಡ ಈ ಕೆಲಸ ಮಾಡುತ್ತದೆ, ಆದ್ದರಿಂದ ಚಹಾದ ನೀರಿಗೆ ಫಿಲ್ಟರ್ ಹುಡುಕುವುದು ದಂಡ.

ಅಂಗಡಿಯ ಸರಕಿನಲ್ಲಿ ಮುಖ್ಯವಾದದ್ದು ಸಕ್ರಿಯ ಇಂಗಾಲ, ಎಲ್ಲರ ಬಾಯಲ್ಲಿ ‘ಕಾರ್ಬನ್’. ಅದು ಒಳ್ಳೆಯ ಕೆಲಸಗಾರ, ಅನುಮಾನವಿಲ್ಲ. ಮುಕ್ತ ಕ್ಲೋರಿನ್ ಅದನ್ನು ಮುಟ್ಟಿದ ಕ್ಷಣ ಕ್ಲೋರೈಡ್ ಆಗಿಬಿಡುತ್ತದೆ. ಕ್ಲೋರಮೈನ್ ಅಷ್ಟು ಬೇಗ ಸೋಲುವುದಿಲ್ಲ, ನೀರು ಕಾರ್ಬನ್ನಿನೊಳಗೆ ಹೆಚ್ಚು ಹೊತ್ತು ನಿಲ್ಲಬೇಕು. ಡಯಾಲಿಸಿಸ್ ಕೇಂದ್ರಗಳಲ್ಲಿ ಎರಡು ಕಾರ್ಬನ್ ಟ್ಯಾಂಕುಗಳನ್ನು ಒಂದರ ಹಿಂದೆ ಒಂದು ಕೂಡಿಸಿ, ಸುಮಾರು ಹತ್ತು ನಿಮಿಷದ ಸಂಪರ್ಕ ಕೊಟ್ಟು, ಒಟ್ಟು ಕ್ಲೋರಿನ್ನನ್ನು ಲೀಟರಿಗೆ 0.1 ಮಿಲಿಗ್ರಾಂಗಿಂತ ಕೆಳಗೆ ಇಳಿಸುತ್ತಾರೆ. ಅಲ್ಲಿ ಅದು ಜೀವದ ಪ್ರಶ್ನೆ: ಕ್ಲೋರಮೈನ್ ನೇರ ರಕ್ತಕ್ಕೆ ಸೇರಿದರೆ ಕೆಂಪು ಕಣಗಳು ಒಡೆಯುತ್ತವೆ. ಮೀನಿನ ತೊಟ್ಟಿ ಇಟ್ಟವರಿಗೂ ಈ ಎಚ್ಚರ ಬೇಕು. ಸಿಂಕಿನ ಮೇಲಿನ ಅಂಗೈ ಉದ್ದದ ಕಾರ್ಟ್ರಿಜ್‌ನಲ್ಲಿ ನೀರು ನಿಲ್ಲುವುದು ಕೆಲವೇ ಸೆಕೆಂಡು. ‘ಕ್ಲೋರಮೈನ್ ಕೂಡ ತೆಗೆಯುತ್ತದೆ’ ಎಂಬ ಡಬ್ಬಿಯ ಮೇಲಿನ ಮಾತನ್ನು ಅಷ್ಟಕ್ಕೇ ನಂಬಿ.

ಇದಕ್ಕಿಂತ ದೊಡ್ಡ ದೋಷ ಬೇರೆ. ಕ್ಲೋರಿನ್ ತೆಗೆದ ನೀರಿಗೆ ಆಮೇಲೆ ಕಾವಲಿಲ್ಲ, ಕಾರ್ಬನ್ನಿನ ಮೈಯೇ ಸೂಕ್ಷ್ಮಜೀವಿಗಳಿಗೆ ಮನೆಯಾಗುತ್ತದೆ. ಹೊತ್ತಿಗೆ ಸರಿಯಾಗಿ ಬದಲಿಸದ ಕಾರ್ಟ್ರಿಜ್ ಇಲ್ಲದಿದ್ದರೇ ವಾಸಿ. ಗಡಸು ನೀರಿಗೆ ಕೂದಲು ಉದುರುತ್ತದೆಂದು ಇಡೀ ಮನೆಯ ಟ್ಯಾಂಕಿಗೇ ಫಿಲ್ಟರ್ ಕೂಡಿಸುವ ಹೊಸ ಚಟವಂತೂ ನನಗೆ ಶುದ್ಧ ಅವಿವೇಕವಾಗಿ ಕಾಣುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಕಾರ್ಬನ್ನಿಗೆ ಸಿಗುವುದಿಲ್ಲ. ಟ್ಯಾಂಕಿನಲ್ಲಿ ಕ್ಲೋರಿನ್ ಮಾತ್ರ ಸೊನ್ನೆಯಾಗುತ್ತದೆ.

ಸೊನ್ನೆಯಾದರೆ ಏನಾಗಬಹುದೆಂದು ಪುಣೆಯೇ ನೋಡಿದೆ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಸುತ್ತ ಗುಲಿಯನ್ ಬಾರೆ ಸಿಂಡ್ರೋಮ್ ಎಂಬ ನರರೋಗ ಕಾಣಿಸಿಕೊಂಡಿತು, ಇನ್ನೂರಕ್ಕೂ ಹೆಚ್ಚು ಶಂಕಿತ ಪ್ರಕರಣಗಳಾದವು. ರೋಗಿಗಳ ಮಾದರಿಗಳಲ್ಲಿ ಕ್ಯಾಂಪೈಲೊಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಖಾಸಗಿ ಆರ್‌ಒ ಘಟಕಗಳ ನೀರು ಕುಡಿಯಲು ಯೋಗ್ಯವಲ್ಲವೆಂದು ಕಂಡು ಪಾಲಿಕೆ ಹಲವನ್ನು ಮುಚ್ಚಿಸಿತು. ಆರ್‌ಒ ಪೊರೆಯನ್ನು ಕ್ಲೋರಿನ್ ತಿನ್ನುತ್ತದೆಂದು ಅದಕ್ಕೂ ಮೊದಲು ಕಾರ್ಬನ್ ಇಟ್ಟೇ ಇಡುತ್ತಾರೆ. ನಮ್ಮ ಕರ್ನಾಟಕದ ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳುವ ಕ್ಯಾನಿನ ನೀರೂ ಇದೇ ಜಾತಿಯದು. ಘಟಕದಲ್ಲಿ ಶುದ್ಧ, ತೊಳೆಯದ ಕ್ಯಾನಿಗೆ ಬಿದ್ದ ಮೇಲೆ ಯಾರ ಹೊಣೆಯೂ ಅಲ್ಲ.

ಹಾಗಾದರೆ ಕುರಕುಂಭದಲ್ಲಿ ಕಾರ್ಬನ್ ಬೇಡವೇ? ಬೇಕು, ಆದರೆ ಬೇರೆ ಕಾರಣಕ್ಕೆ. ಬೋರ್‌ವೆಲ್ಲಿನಲ್ಲಿ ದ್ರಾವಕಗಳ ಅನುಮಾನವಿದ್ದಲ್ಲಿ ಕಾರ್ಬನ್ ಅವುಗಳಲ್ಲಿ ಹಲವನ್ನು ಹಿಡಿಯಬಲ್ಲದು; ಹೊಟ್ಟೆ ತುಂಬಿದ ಮೇಲೆ ಬಿಟ್ಟುಕೊಡಲೂಬಲ್ಲದು. ನೈಟ್ರೇಟು, ಲವಣ ಅದಕ್ಕೆ ದಕ್ಕುವುದಿಲ್ಲ. ಯಾವುದಿದೆ, ಎಷ್ಟಿದೆ ಎಂದು ಪ್ರಯೋಗಾಲಯ ಹೇಳಬೇಕೇ ಹೊರತು ಮೂಗು ಹೇಳಲಾರದು. ನಳದ ನೀರಾದರೆ ಕ್ಲೋರಿನ್ ತೆಗೆಯುವ ಜಾಗ ಕೊನೆಯ ಲೋಟ, ಕುಡಿಯುವ ಹೊತ್ತಿಗೆ. ಟ್ಯಾಂಕೂ ಅಲ್ಲ, ಹಂಡೆಯೂ ಅಲ್ಲ.

ಮಹಾರಾಷ್ಟ್ರದ ಗ್ರಾಮ ಪಂಚಾಯ್ತಿಗಳಲ್ಲಿ ಜಲಸುರಕ್ಷಕ ಎಂಬುವವರಿದ್ದಾರೆ, ನೀರಿನ ಕ್ಲೋರಿನ್ ನೋಡುವ ಓಟಿ (ಆರ್ಥೊಟಾಲಿಡಿನ್) ಪರೀಕ್ಷೆ ಅವರ ಕೆಲಸ. ದ್ರಾವಣದ ಹನಿ ಬಿದ್ದ ತಕ್ಷಣ ನೀರು ಹಳದಿಯಾದರೆ ಮುಕ್ತ ಕ್ಲೋರಿನ್ ಇದೆ ಎಂದರ್ಥ. ಕೆಲವು ನಿಮಿಷ ಬಿಟ್ಟು ನಿಧಾನಕ್ಕೆ ಹಳದಿಯೇರಿದರೆ ಅದು ಕ್ಲೋರಮೈನ್. ಪರೀಕ್ಷಿಸಿದ ನೀರು ಕುಡಿಯಬಾರದು, ಚೆಲ್ಲಬೇಕು. ಫಿಲ್ಟರಿನ ಕಂತು ಕಟ್ಟುವ ಮೊದಲು ಅವರನ್ನು ಮನೆಗೆ ಕರೆದು ನಿಮ್ಮ ನಳದ ಕೆಳಗೇ ಈ ಪರೀಕ್ಷೆ ಮಾಡಿಸಿ.