ಒಂಟಿ ನಾವಿಕನ ಲಂಗರು: ಕೈಬಲದ ಮಿತಿ

ಹಾಯಿದೋಣಿಯ ಲಂಗರು ಮುಂತುದಿಯಲ್ಲಿರುತ್ತದೆ, ಚುಕ್ಕಾಣಿ ಹಿಂತುದಿಯಲ್ಲಿರುತ್ತದೆ. ಕಾರವಾರದ ಕಡೆಯ ಮೀನುಗಾರಿಕೆ ದೋಣಿಗಳಲ್ಲಿ ಸಾಮಾನ್ಯವಾಗಿ ಒಬ್ಬ ಹಗ್ಗ ಎಳೆದರೆ ಇನ್ನೊಬ್ಬ ಎಂಜಿನ್ ನೋಡಿಕೊಳ್ಳುತ್ತಾನೆ. ಒಂಟಿ ನಾವಿಕನಿಗೆ ಆ ಎರಡನೆಯ ಕೈ ಇಲ್ಲ. ಲಂಗರನ್ನು ಕೈಯಿಂದಲೇ ಎತ್ತುವ ಪದ್ಧತಿಯ ಗುಣದೋಷಗಳೆಲ್ಲ ಈ ಕೊರತೆಯಿಂದಲೇ ಹುಟ್ಟುತ್ತವೆ.

ಎತ್ತಬೇಕಾದ ಭಾರ ಜನ ಊಹಿಸುವಷ್ಟಿಲ್ಲ. 8 ಮಿ.ಮೀ. ಸರಪಳಿ ಮೀಟರಿಗೆ ಸುಮಾರು 1.4 ಕೆ.ಜಿ. ತೂಗುತ್ತದೆ. 8 ಮೀಟರ್ ಆಳದಲ್ಲಿ ನೇರ ತೂಗುವ ಸರಪಳಿ 11 ಕೆ.ಜಿ., ಅದಕ್ಕೆ 15 ಕೆ.ಜಿ.ಯ ಲಂಗರು ಸೇರಿದರೆ ಒಟ್ಟು 26 ಕೆ.ಜಿ. ನೀರಿನೊಳಗೆ ಅದೂ ತುಸು ಕಡಿಮೆಯಾಗುತ್ತದೆ. ಬಾವಿಯಿಂದ ದೊಡ್ಡ ಕೊಡ ಸೇದಿದವರಿಗೆ ಇದು ಹೊಸ ಶ್ರಮವಲ್ಲ. ಕೈ ಸೋಲುವುದು ಗಾಳಿಗೆ. ಗಾಳಿಯ ವೇಗ ಇಮ್ಮಡಿಯಾದರೆ ದೋಣಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆ ಒತ್ತಡದ ವಿರುದ್ಧ ದೋಣಿಯನ್ನೇ ಲಂಗರಿನತ್ತ ಎಳೆಯಲು ಹೋದವನ ಬೆನ್ನು ಉಳಿಯುವುದಿಲ್ಲ.

ಹೀಗಾಗಿ ಪದ್ಧತಿಯ ಮೊದಲ ಹಂತ ದೋಣಿಯನ್ನು ಲಂಗರಿನ ನೆತ್ತಿಗೆ ತರುವುದು. ಎಂಜಿನ್ ಇದ್ದರೆ ಮೆಲ್ಲಗೆ ಮುಂದೆ ನಡೆಸಿ, ಗೇರು ಬಿಡಿಸಿ, ಮುಂದಕ್ಕೆ ಹೋಗಿ ಸಡಿಲಾದ ಸರಪಳಿಯನ್ನು ಒಳಗೆಳೆದು ಗೂಟಕ್ಕೆ ಸುತ್ತಬೇಕು. ಎಂಜಿನ್ ಇಲ್ಲದಿದ್ದರೆ ದೊಡ್ಡ ಹಾಯಿ ಏರಿಸಿ, ಗಾಳಿಗೆ ಎಡಬಲ ಓರೆಯಾಗಿ ಸಾಗುತ್ತ, ಪ್ರತಿ ತಿರುವಿನಲ್ಲೂ ಸಿಕ್ಕಷ್ಟು ಸೆಳೆದುಕೊಳ್ಳಬೇಕು. ನಿಧಾನವಾದರೂ ಇದು ಹೆಚ್ಚು ಚೊಕ್ಕ ಕೆಲಸ: ಭಾರವನ್ನು ಗಾಳಿಯೇ ಹೊರುತ್ತದೆ.

ಎರಡನೆಯ ಹಂತ ಲಂಗರನ್ನು ನೆಲದಿಂದ ಬಿಡಿಸುವುದು. ಸರಪಳಿ ನೇರವಾದ ಕೂಡಲೇ ಅದನ್ನು ಬಿಗಿದು ಕಾಯಬೇಕು. ಅಲೆ ಮೂತಿಯನ್ನು ಎತ್ತಿದಾಗ ದೋಣಿಯ ತೇಲುಬಲವೇ ಲಂಗರನ್ನು ಕೀಳುತ್ತದೆ. ಸರಪಳಿಗೂ ಗೂಟಕ್ಕೂ ನಡುವೆ ಬೆರಳಿಡುವುದು ಇಲ್ಲಿನ ದೊಡ್ಡ ಅಪಾಯ. ಕಲ್ಲಿನ ಸಂದಿಗೆ ಸಿಕ್ಕಿಬೀಳುವ ನೆಲದಲ್ಲಿ ಲಂಗರಿನ ಬುಡಕ್ಕೆ ಮೊದಲೇ ಕಟ್ಟಿದ ಬಿಡಿಸುವ ಹಗ್ಗ ನೆರವಾಗುತ್ತದೆ. ಆದರೆ ಅದೇ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಳ್ಳಬಲ್ಲದು. ಮರಳು, ಕೆಸರಿನ ನೆಲದಲ್ಲಿ ಅದು ಅನಗತ್ಯ.

ಮೂರನೆಯ ಹಂತವೇ ಪದ್ಧತಿಯ ದುರ್ಬಲ ಕೊಂಡಿ. ಲಂಗರು ನೆಲ ಬಿಟ್ಟ ಗಳಿಗೆಯಿಂದ ಅದು ಮೇಲೆ ಬರುವವರೆಗೆ ದೋಣಿ ಯಾರ ಹಿಡಿತದಲ್ಲೂ ಇರುವುದಿಲ್ಲ. ಮುಂದಿನ ಹಾಯಿಯನ್ನು ಹಿಮ್ಮುಖವಾಗಿ ಬಿಗಿದಿಟ್ಟರೆ ಮೂತಿ ಬೇಕಾದ ಕಡೆಗೇ ತಿರುಗುತ್ತದೆ, ಚುಕ್ಕಾಣಿಯನ್ನೂ ಕಟ್ಟಿರಬೇಕು. ಸುತ್ತ ಜಾಗವಿದ್ದರೆ ಇಷ್ಟು ಸಾಕು. ದೋಣಿಗಳು ಕಿಕ್ಕಿರಿದ ಬಂದರಿನಲ್ಲಿ, ಇಲ್ಲವೆ ಗಾಳಿ ದಡದತ್ತ ತಳ್ಳುವಾಗ, ಇದು ಸಾಲದು.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿಗೆ ಕಡಲಿಲ್ಲ. ಆದರೂ ಅಲ್ಲಿನ ಘಟ್ಟದಲ್ಲಿ ಹುಟ್ಟಿ ಗೋವೆಗಿಳಿಯುವ ಮಹದಾಯಿ ನದಿಯ ಹೆಸರು ಭಾರತದ ಒಂಟಿ ನೌಕಾಯಾನದ ಚರಿತ್ರೆ ಸೇರಿದೆ. ನೌಕಾಪಡೆಯ 56 ಅಡಿ ಉದ್ದದ ಹಾಯಿದೋಣಿ ‘ಮ್ಹಾದೇಯಿ’ಯಲ್ಲಿ ದಿಲೀಪ್ ದೋಂದೆ 2009–10ರಲ್ಲಿ ನಾಲ್ಕು ಬಂದರುಗಳಲ್ಲಿ ತಂಗಿ, ಅಭಿಲಾಷ್ ಟಾಮಿ 2012–13ರಲ್ಲಿ ಎಲ್ಲಿಯೂ ತಂಗದೆ, ಒಬ್ಬೊಬ್ಬರೇ ಭೂಮಿ ಸುತ್ತಿ ಬಂದರು. ತೆರೆದ ಕಡಲಲ್ಲಿ ತಿಂಗಳುಗಟ್ಟಲೆ ಒಬ್ಬನೇ ಇರುವ ಕಸುವು ಬೇರೆ, ದಡದ ಬಳಿ ಲಂಗರು ಎತ್ತುವ ಕೌಶಲ ಬೇರೆ. ಎರಡನೆಯದರಲ್ಲಿ ತಪ್ಪು ತಿದ್ದಿಕೊಳ್ಳಲು ಸಿಗುವುದು ಕೆಲವೇ ನಿಮಿಷ.

ಲಂಗರು ಎತ್ತುವ ವಿದ್ಯುತ್ ರಾಟೆ ಈ ಸಮಯವನ್ನು ಉಳಿಸುತ್ತದೆ, ಚುಕ್ಕಾಣಿಯ ಬಳಿ ಗುಂಡಿ ಇದ್ದರೆ ಎರಡನೆಯ ಕೈಯೂ ಆಗುತ್ತದೆ. ಆದರೆ ಅದು ಬ್ಯಾಟರಿಯನ್ನು ಹೀರುತ್ತದೆ, ಉಪ್ಪುನೀರಿಗೆ ಕೆಡುತ್ತದೆ. ಕೈಯಿಂದ ತಿರುಗಿಸುವ ರಾಟೆ ನಿಧಾನ, ಆದರೆ ನಂಬಿಕಸ್ಥ. ಕೊನೆಯ ಉಪಾಯವಾಗಿ ಸರಪಳಿಯ ತುದಿಗೆ ತೇಲುಬುರುಡೆ ಕಟ್ಟಿ ಲಂಗರನ್ನೇ ಬಿಟ್ಟು ಹೊರಡಬಹುದು. ಅದಕ್ಕಾಗಿ ಸರಪಳಿಯ ಒಳತುದಿಯನ್ನು ಚಾಕುವಿಗೆ ತುಂಡಾಗುವ ಹಗ್ಗದಿಂದ ಕಟ್ಟಿರಬೇಕು.

ಒಟ್ಟಿನಲ್ಲಿ, ಸಣ್ಣ ದೋಣಿ, ಕಡಿಮೆ ಆಳ, ಸುತ್ತ ಜಾಗ ಈ ಮೂರೂ ಇದ್ದಲ್ಲಿ ಕೈಯಿಂದ ಲಂಗರು ಎತ್ತುವುದು ಸರಳ, ಅಗ್ಗ ಮತ್ತು ಸುರಕ್ಷಿತ. ಇವುಗಳಲ್ಲಿ ಒಂದು ತಪ್ಪಿದರೂ ರಾಟೆ ಬೇಕು. ರಾಟೆ ಇದ್ದವನೂ ಕೈಯ ವಿಧಾನವನ್ನು ಕಲಿತಿರಲೇಬೇಕು.