ಬಾಯಿ ಒಂದು, ಕೈ ಇನ್ನೊಂದು

ಸೂಸನ್ ಗೋಲ್ಡಿನ್-ಮೆಡೋ ಷಿಕಾಗೋ ವಿಶ್ವವಿದ್ಯಾಲಯದ ಮನೋವಿಜ್ಞಾನಿ. ಮಾತಾಡುವ ಮಕ್ಕಳ ಕೈಗಳು ಏನು ಮಾಡುತ್ತಿರುತ್ತವೆ ಎಂಬುದನ್ನು ದಶಕಗಳಿಂದ ನೋಡುತ್ತ ಬಂದವರು. 2003ರ ಅವರ ‘ಹಿಯರಿಂಗ್ ಜೆಸ್ಚರ್’ ಹೆಚ್ಚಾಗಿ ವಿದ್ವಾಂಸರ ಕೈಗೆ ಹೋದ ಪುಸ್ತಕ. 2023ರಲ್ಲಿ ಬಂದ ‘ಥಿಂಕಿಂಗ್ ವಿತ್ ಯುವರ್ ಹ್ಯಾಂಡ್ಸ್’ ನಮ್ಮಂಥ ಸಾಮಾನ್ಯ ಓದುಗರಿಗಾಗಿ ಬರೆದದ್ದು. ಓದಿ ಮುಗಿಸಿದಾಗ ಇದರೊಳಗೆ ಎರಡು ದನಿಗಳಿವೆ ಅನ್ನಿಸಿತು. ಒಂದು ದೊಡ್ಡವರಿಗೆ ‘ಮಗುವಿನ ಕೈ ನೋಡಿ’ ಎನ್ನುತ್ತದೆ, ಇನ್ನೊಂದು ‘ನೀವೂ ಹೀಗೆ ಮಾಡಿ’ ಎನ್ನುತ್ತದೆ. ಮೊದಲನೆಯದು ಗಟ್ಟಿ, ಎರಡನೆಯದರಲ್ಲಿ ಸ್ವಲ್ಪ ಆತುರವಿದೆ. ಮಕ್ಕಳ ವಿಷಯ ಬಂದರೆ ಏನಾದರೂ ಮಾಡಿಯೇ ತೀರಬೇಕೆನ್ನುವ ನಮ್ಮ ವರ್ಗದ ತಂದೆತಾಯಿ ಕೈಹಾಕುವುದು ಈ ಎರಡನೆಯದಕ್ಕೇ.

ಮೊದಲು ಒಂದು ಪದದ ತೊಡಕು. ‘ಜೆಸ್ಚರ್’ ಅಂದ ಕೂಡಲೇ ನಮಗೆ ‘ಸನ್ನೆ’ ನೆನಪಾಗುತ್ತದೆ. ಆದರೆ ಕಣ್ಸನ್ನೆ, ಕೈಸನ್ನೆ ಎಂದರೆ ಬಾಯಿಬಿಟ್ಟು ಹೇಳಲಾಗದ್ದನ್ನು ಬೇಕೆಂದೇ ಬೇರೆ ದಾರಿಯಲ್ಲಿ ತಿಳಿಸುವುದು. ನೆಂಟರ ಮುಂದೆ ಅಮ್ಮ ನಮಗೆ ‘ಇನ್ನು ಎದ್ದೇಳು’ ಎಂದು ಮಾಡುತ್ತಿದ್ದದ್ದು ಸನ್ನೆ. ‘ಮುದ್ರೆ’, ‘ಅಭಿನಯ’ ಎಂದರೆ ಭರತನಾಟ್ಯಕ್ಕೋ ಯಕ್ಷಗಾನಕ್ಕೋ ಹೋಗಿಬಿಡುತ್ತೇವೆ; ಅದು ಕಲಿತು ಮಾಡುವಂಥದ್ದು. ಈ ಪುಸ್ತಕದ ವಿಷಯ ಇವೆರಡೂ ಅಲ್ಲ. ಫೋನಿನಲ್ಲಿ ದಾರಿ ಹೇಳುವಾಗ, ಆಚೆಯವರಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ, ‘ಸಿಗ್ನಲ್ ದಾಟಿ ಎಡಕ್ಕೆ’ ಎನ್ನುತ್ತ ನಮ್ಮ ಕೈ ಎಡಕ್ಕೆ ಹೋಗುತ್ತದಲ್ಲ, ಅದು. ಅದಕ್ಕೆ ಕನ್ನಡದಲ್ಲಿ ಒಂದೇ ಪದ ನನಗೆ ಸಿಕ್ಕಿಲ್ಲ; ಇಲ್ಲಿ ಸುಮ್ಮನೆ ‘ಕೈ’ ಎಂದೇ ಬರೆಯುತ್ತೇನೆ.

ಈ ಕೈ ನೋಡಿ ಕಲಿತದ್ದಲ್ಲ ಎನ್ನುವುದಕ್ಕೆ ಬಲವಾದ ಸಾಕ್ಷಿ 1998ರದ್ದು. ಹುಟ್ಟುಕುರುಡರಾದ 12 ಮಕ್ಕಳು ಮತ್ತು ಹದಿಹರೆಯದವರನ್ನು ಜಾನಾ ಐವರ್ಸನ್ ಮತ್ತು ಗೋಲ್ಡಿನ್-ಮೆಡೋ ಮಾತಾಡಿಸಿದರು. ಅವರೂ ಮಾತಿನ ಜೊತೆ ಕೈ ಆಡಿಸಿದರು. ಎದುರಿಗಿರುವವರಿಗೂ ಕಣ್ಣು ಕಾಣುವುದಿಲ್ಲ ಎಂದು ತಿಳಿದಾಗಲೂ ಆಡಿಸಿದರು. ಅಂದರೆ ಕೈ ಕೇಳುಗರಿಗಾಗಿ ಮಾತ್ರ ಇಲ್ಲ, ಹೇಳುವವರಿಗೂ ಅದು ಬೇಕು.

ಪುಸ್ತಕದ ಜೀವ ಇರುವುದು ಮಾತು–ಕೈಗಳ ಹೊಂದಾಣಿಕೆ ತಪ್ಪುವ ಪ್ರಸಂಗಗಳಲ್ಲಿ. ಪಿಯಾಜೆಯ ನೀರಿನ ಪ್ರಯೋಗ ಬಿ.ಎಡ್. ಓದಿದವರಿಗೆಲ್ಲ ಗೊತ್ತು. ಎರಡು ಎತ್ತರದ ಲೋಟಗಳಲ್ಲಿ ಸಮನಾಗಿ ನೀರು. ಒಂದರದ್ದನ್ನು ಅಗಲವಾದ ಗಿಡ್ಡ ಪಾತ್ರೆಗೆ ಸುರಿದರೆ ಚಿಕ್ಕ ಮಗು ‘ಈಗ ಬೇರೆಬೇರೆ’ ಎನ್ನುತ್ತದೆ. ಯಾಕೆ ಎಂದರೆ, ‘ಇದು ಎತ್ತರ, ಅದು ಗಿಡ್ಡ.’ ಗೋಲ್ಡಿನ್-ಮೆಡೋ ಮತ್ತು ಬ್ರೆಕಿನ್‌ರಿಜ್ ಚರ್ಚ್ 1986ರಲ್ಲಿ ಗಮನಿಸಿದ್ದು ಕೆಲವು ಮಕ್ಕಳ ಕೈಗಳನ್ನು. ಬಾಯಿ ಎತ್ತರದ ಬಗ್ಗೆ ಹೇಳುತ್ತಿರುವಾಗಲೇ ಕೈ ಅಗಲವನ್ನು ತೋರಿಸುತ್ತಿತ್ತು: ಲೋಟಕ್ಕೆ ಸಣ್ಣ ಹಿಡಿ, ಪಾತ್ರೆಗೆ ದೊಡ್ಡ ಹಿಡಿ. ಉತ್ತರವೇನೋ ಎಲ್ಲ ಮಕ್ಕಳದ್ದೂ ತಪ್ಪೇ. ಆದರೆ ಪಾಠ ಮಾಡಿದ ಮೇಲೆ ಹೆಚ್ಚು ಮುಂದಕ್ಕೆ ಹೋದವರು ಬಾಯಿ ಒಂದು, ಕೈ ಇನ್ನೊಂದು ಹೇಳುತ್ತಿದ್ದ ಈ ಮಕ್ಕಳೇ.

ಗಣಿತದಲ್ಲೂ ಇದೇ ಕಂಡಿತು. 6+3+4=__+4 ಎಂಬಂಥ ಲೆಕ್ಕ ಕೊಟ್ಟರೆ ಅನೇಕ ಮಕ್ಕಳು ಎಡಗಡೆಯದನ್ನೆಲ್ಲ ಕೂಡಿ 13 ಎಂದು ಬರೆಯುತ್ತಾರೆ. ಹೇಗೆ ಮಾಡಿದೆ ಎಂದು ಕೇಳಿದರೆ ‘ಆರು, ಮೂರು, ನಾಲ್ಕು ಕೂಡಿದೆ’ ಎನ್ನುತ್ತಾರೆ. ಹಾಗೆನ್ನುತ್ತಲೇ ಕೆಲವರ ಬೆರಳು ಸಮಚಿಹ್ನೆ ದಾಟಿ ಬಲಗಡೆಯ 4ನ್ನೂ ಮುಟ್ಟಿ ಬರುತ್ತದೆ. ಆ ನಾಲ್ಕಕ್ಕೆ ಇಲ್ಲೇನೋ ಕೆಲಸವಿದೆ ಎನ್ನುವುದು ಬೆರಳಿಗೆ ಹೊಳೆದಿದೆ, ಬಾಯಿಗಿನ್ನೂ ಬಂದಿಲ್ಲ. ಉತ್ತರಪತ್ರಿಕೆಯಲ್ಲಿ ಮಾತ್ರ ಇಬ್ಬರಿಗೂ ಸೊನ್ನೆ. ನಮ್ಮ ಪರೀಕ್ಷಾ ಪದ್ಧತಿಯ ಬಗ್ಗೆ ಬರುವ ಉದ್ದುದ್ದ ಲೇಖನಗಳಿಗಿಂತ ಈ ಎರಡು ಸೊನ್ನೆಗಳು ನನ್ನನ್ನು ಹೆಚ್ಚು ಕಾಡಿದವು. (ನನ್ನ ಕಸುಬಿನಲ್ಲೂ ಹೀಗೇ. ತಂಡದ ಹುಡುಗ ‘ಎರಡು ದಿನ ಸಾಕು ಸರ್’ ಎಂದಾಗ ಅವನ ಅಂಗೈ ಗಾಳಿಯಲ್ಲಿ ಅತ್ತಿತ್ತ ಹೊರಳಿತೇ ಎಂದು ನೋಡಿ ನಾನು ಐದು ದಿನ ಬರೆದುಕೊಳ್ಳುತ್ತಿದ್ದೆ. ಕ್ಯಾಮೆರಾ ಆರಿಸಿಕೊಂಡು ಕೂರುವ ಮೀಟಿಂಗುಗಳಲ್ಲಿ ಆ ಅನುಕೂಲವಿಲ್ಲ.)

ಇನ್ನೊಂದು ಪ್ರಯೋಗ ನಮ್ಮ ಶಾಲೆಗಳಿಗೆ ನೇರವಾಗಿ ತಾಗುತ್ತದೆ. 2001ರಲ್ಲಿ ಪ್ರಕಟವಾದದ್ದು. ಮಕ್ಕಳಿಗೆ ಒಂದಷ್ಟು ಪದಗಳನ್ನು ನೆನಪಿನಲ್ಲಿಟ್ಟುಕೊಳ್ಳಲು ಹೇಳಿ, ನಡುವೆ ತಾವು ಬಿಡಿಸಿದ ಲೆಕ್ಕವನ್ನು ವಿವರಿಸಲು ಕೇಳಿದರು. ಕೈ ಆಡಿಸಿ ವಿವರಿಸಿದಾಗ ಹೆಚ್ಚು ಪದಗಳು ನೆನಪಿನಲ್ಲಿ ಉಳಿದವು. ಕೈ ಅಲ್ಲಾಡಿಸಬೇಡಿ ಎಂದಾಗ ಕಡಿಮೆ. ದೊಡ್ಡವರಲ್ಲೂ ಹಾಗೆಯೇ ಆಯಿತು. ತಲೆಯ ಹೊರೆಯಲ್ಲಿ ಒಂದಿಷ್ಟನ್ನು ಕೈ ಹೊರುತ್ತದೆ ಎನ್ನುವುದು ಅವರ ವಿವರಣೆ. ‘ಕೈ ಕಟ್ಟು, ಬಾಯಿ ಮುಚ್ಚು’ ಎಂಬ ಜೋಡಿ ಆಜ್ಞೆಯ ಕೆಳಗೆ ಬೆಳೆದ ನಮಗೆ ಇದು ಸ್ವಲ್ಪ ಚುಚ್ಚಬೇಕು. ಮಗ್ಗಿ ಒಪ್ಪಿಸಲು ಕೈ ಬೇಡದಿರಬಹುದು. ಏಳೆಂಟಲ ಐವತ್ತಾರು ಯಾಕೆ ಎಂದು ಹೇಳಬೇಕಾದರೆ ಬೇಕು.

ನಡುವಿನ ಭಾಗ ಕಿವುಡ ಮಕ್ಕಳದ್ದು. ಸಂಜ್ಞೆಭಾಷೆಯನ್ನು ಕಾಣದೆ, ಮಾತಾಡುವ ತಂದೆತಾಯಿಯ ನಡುವೆ ಬೆಳೆದ ಕೆಲವು ಮಕ್ಕಳು ತಾವೇ ಕೈಭಾಷೆಯೊಂದನ್ನು ಕಟ್ಟಿಕೊಂಡಿದ್ದರು. ಅದರಲ್ಲಿ ಪದಕ್ರಮವಿತ್ತು, ವಾಕ್ಯವಿತ್ತು. ಅಮ್ಮಂದಿರ ಕೈಗಳಲ್ಲಿ ಆ ಕಟ್ಟು ಇರಲಿಲ್ಲ. ಅಂದರೆ ಮಗು ಅದನ್ನು ಅಮ್ಮನಿಂದ ಕಲಿತಿರಲಿಲ್ಲ. ಸಂಶೋಧಕಿಯಾಗಿ ಗೋಲ್ಡಿನ್-ಮೆಡೋ ಅವರ ಹೆಸರು ಉಳಿಯುವುದು ಈ ಕೆಲಸದಿಂದಲೇ ಇರಬಹುದು. ಅದಕ್ಕೆ ಬೇರೆಯೇ ಲೇಖನ ಬೇಕು.

ನನ್ನ ತಕರಾರು ಕೊನೆಯ ಭಾಗದ ಬಗ್ಗೆ. ತಂದೆತಾಯಿ, ಶಿಕ್ಷಕರು, ವೈದ್ಯರಿಗೆ ಸಲಹೆ ಕೊಡುವ ಭಾಗ ಅದು. ಅದರ ಬೆನ್ನಿಗಿರುವ ಹೆಸರಾಂತ ಅಧ್ಯಯನ ಮೆರೆಡಿತ್ ರೋ ಜೊತೆ ಸೇರಿ 2009ರಲ್ಲಿ ಪ್ರಕಟಿಸಿದ್ದು. ಷಿಕಾಗೋದ 50 ಕುಟುಂಬಗಳು, 14 ತಿಂಗಳ ಮಕ್ಕಳು, 90 ನಿಮಿಷಗಳ ವಿಡಿಯೋ. ಅನುಕೂಲಸ್ಥ, ಓದಿದ ಮನೆಗಳ ಮಕ್ಕಳು ಆ ಹೊತ್ತಿನಲ್ಲಿ ಕೈಯಿಂದ ಸರಾಸರಿ 24 ಬೇರೆಬೇರೆ ಅರ್ಥಗಳನ್ನು ತಿಳಿಸಿದರು. ಬಡ ಮನೆಗಳ ಮಕ್ಕಳು 13. ಶಾಲೆ ಸೇರುವ ಹೊತ್ತಿಗೆ, ನಾಲ್ಕೂವರೆ ವರ್ಷದಲ್ಲಿ, ಈ ಎರಡು ಗುಂಪುಗಳ ಪದಸಂಪತ್ತಿನಲ್ಲಿದ್ದ ಅಂತರಕ್ಕೂ ಇದಕ್ಕೂ ನಂಟು ಕಂಡಿತು.

ನಂಟು ಸರಿ. ಕೈ ಇಲ್ಲಿ ಕಾರಣವೋ ಕುರುಹೋ? ಲೇಖಕಿಗೆ ಈ ಪ್ರಶ್ನೆ ಗೊತ್ತಿಲ್ಲದ್ದೇನಲ್ಲ. ಪುಟ್ಟ ಮಕ್ಕಳಿಗೆ ಚಿತ್ರ ತೋರಿಸಿ ಬೆರಳಿಡಿಸಿದರೆ ಮುಂದೆ ಪದಗಳು ಹೆಚ್ಚುತ್ತವೆ ಎಂಬ ಪ್ರಯೋಗವನ್ನೂ ಅವರ ತಂಡ ಮಾಡಿದೆ, ಆದರೆ ಗುಂಪು ತೀರಾ ಸಣ್ಣದು. ಅದರ ಮೇಲೆ ಎಲ್ಲ ತಾಯಂದಿರಿಗೂ ಹೇಳುವಷ್ಟು ದೊಡ್ಡ ಸಲಹೆಯನ್ನು ನಿಲ್ಲಿಸುವುದು ಕಷ್ಟ. ಇಂಗ್ಲೆಂಡಿನಲ್ಲಿ ಎಲಿಜಬೆತ್ ಕರ್ಕ್ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. 40 ತಾಯಿ–ಮಗು ಜೋಡಿಗಳಲ್ಲಿ ಕೆಲವರಿಗೆ ಕೈಗುರುತುಗಳನ್ನು ಕಲಿಸಲಾಯಿತು, ಕೆಲವರಿಗೆ ಇಲ್ಲ. ಕಲಿತ ಮಕ್ಕಳಿಗೆ ಮಾತೇನೂ ಬೇಗ ಬರಲಿಲ್ಲ. ಬದಲಾದವರು ತಾಯಂದಿರು: ಮಗು ಬಾಯಿಬಿಡದೆ ತಿಳಿಸುವುದಕ್ಕೆ ಅವರು ಹೆಚ್ಚು ಸ್ಪಂದಿಸತೊಡಗಿದ್ದರು. ಗೋಲ್ಡಿನ್-ಮೆಡೋ ಪುಸ್ತಕದ ಮೊದಲ ಭಾಗ ಹೇಳುವುದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಕೊನೆಯ ಭಾಗಕ್ಕೆ ಅಷ್ಟಾಗಿ ಇಲ್ಲ.

ಹಾಗೆ ನೋಡಿದರೆ 24 ಮತ್ತು 13ರ ನಡುವಿನ ಅಂತರವೂ ಬೇರೆ ಥರ ಕಾಣುತ್ತದೆ. ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ತಾಯಂದಿರಿದ್ದಾರೆ. ಅವರೂ ನಮ್ಮ ಹಾಗೆ ಕನ್ನಡದ ವಲಸಿಗರೇ. ತಲೆಯ ಮೇಲೆ ಬುಟ್ಟಿ, ಅದನ್ನು ಹಿಡಿದ ಎರಡು ಕೈ. ಮರಳಿನ ಗುಡ್ಡೆಯ ಮೇಲೆ ಕೂತ ಮಗು ಕ್ರೇನಿಗೆ ಬೆರಳು ಮಾಡಿದರೆ ‘ಹೌದವ್ವಾ, ಅದು ಕ್ರೇನು’ ಎನ್ನಲು ಅವಳಿಗೆ ಪುರುಸೊತ್ತೆಲ್ಲಿ? ಅವಳಿಗೆ ‘ಮಗುವಿನ ಮುಂದೆ ಹೆಚ್ಚು ಕೈ ಆಡಿಸಮ್ಮಾ’ ಎಂದು ಸಲಹೆ ಕೊಡುವುದು ಸುಲಭ, ಖರ್ಚೂ ಇಲ್ಲ. ನನಗೆ ಅನುಮಾನ ಹುಟ್ಟುವುದು ಅಲ್ಲಿಯೇ.

ನಮ್ಮ ಮನೆಗಳ ಮಾತಿಗೆ ಬರೋಣ. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಮರಾಠಿಯೋ ತಮಿಳೋ ತೆಲುಗೋ, ಟೀವಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಎರಡು ತುಂಬಿದರೂ ‘ಇನ್ನೂ ಸರಿಯಾಗಿ ಮಾತಾಡ್ತಿಲ್ಲ’ ಎಂಬ ಆತಂಕ ಎಷ್ಟು ಮನೆಗಳಲ್ಲಿಲ್ಲ! ಐವರ್ಸನ್ ಮತ್ತು ಗೋಲ್ಡಿನ್-ಮೆಡೋ 2005ರಲ್ಲಿ ತೋರಿಸಿದ್ದನ್ನು ಇಲ್ಲಿ ನೆನೆಯಬೇಕು. ಎರಡು ಪದ ಜೋಡಿಸುವ ಮುನ್ನ ಮಗು ಒಂದು ಪದಕ್ಕೆ ಒಂದು ಬೆರಳನ್ನು ಜೋಡಿಸುತ್ತದೆ. ‘ಅಮ್ಮ’ ಎನ್ನುತ್ತ ಟೋಪಿಗೆ ಬೆರಳು ಮಾಡಿದರೆ ಅದು ‘ಅಮ್ಮನ ಟೋಪಿ’. ಈ ಜೋಡಣೆ ಬೇಗ ಬಂದ ಮಕ್ಕಳಲ್ಲಿ ಎರಡು ಪದಗಳ ಮಾತೂ ಬೇಗ ಬಂತು. ಮಕ್ಕಳ ವೈದ್ಯರು ‘ಬೆರಳು ಮಾಡಿ ತೋರಿಸ್ತಾನಾ?’ ಎಂದು ಕೇಳುವುದು ಸುಮ್ಮನೆ ಅಲ್ಲ. ನಾವು ಎಣಿಸುವುದು ಮಾತ್ರ ಪದಗಳನ್ನು, ಅದರಲ್ಲೂ ಕನ್ನಡದ ಪದಗಳನ್ನು ಒಂದು ಕಡೆ, ಇಂಗ್ಲಿಷಿನವನ್ನು ಇನ್ನೊಂದು ಕಡೆ. ಮಗುವಿನ ಬೆರಳು ಆ ನಾಲ್ಕು ಭಾಷೆಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ, ಹಾಗಾಗಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಊರಿನ ಅಜ್ಜಿಯ ಜೊತೆಗಿನ ಭಾನುವಾರದ ವಿಡಿಯೋ ಕಾಲನ್ನೇ ನೋಡಿ. ಪರದೆಯಲ್ಲಿರುವುದು ಎರಡು ಮುಖ, ಒಮ್ಮೊಮ್ಮೆ ಸೀಲಿಂಗ್ ಫ್ಯಾನು. ಅಜ್ಜಿ ಕೇಳುವುದನ್ನೆಲ್ಲ ಮಗು ಅರ್ಥ ಮಾಡಿಕೊಳ್ಳುತ್ತದೆ, ಕಿಟಕಿಯ ಪಾರಿವಾಳಕ್ಕೆ ಬೆರಳು ಮಾಡುತ್ತದೆ, ಅದು ಎಷ್ಟು ದಪ್ಪ ಎಂದು ಕೈ ಅಗಲಿಸುತ್ತದೆ. ಅಜ್ಜಿಗೆ ಕಾಣುವುದು ಸುಮ್ಮನಿರುವ ಬಾಯಿ. ‘ಇದಕ್ಕೆ ಕನ್ನಡ ಬರಲ್ವೇನೇ?’ ಎನ್ನುತ್ತಾರೆ. ತಾರಮ್ಮಯ್ಯ ಆಡಿಸಿ, ಚಂದಮಾಮನನ್ನು ತೋರಿಸಿ, ‘ಎಳೆಗಾಯಿಗೆ ಬೆರಳು ತೋರಿಸಬೇಡ, ಕೊಳೆತುಹೋಗುತ್ತೆ’ ಎಂದು ಗದರಿ ಬೆಳೆಸಿದ ಆ ತಲೆಮಾರಿಗೆ ಮಗುವಿನ ಕೈ ಓದಲು ಯಾರೂ ಹೇಳಿಕೊಡಬೇಕಿಲ್ಲ. ಫೋನನ್ನು ಮೂರು ಅಡಿ ದೂರ ಇಟ್ಟರೆ ಸಾಕು.

ಈ ಪುಸ್ತಕ ಕನ್ನಡಕ್ಕೆ ಬರುವುದಾದರೆ ನೀರಿನ ಲೋಟ ಮತ್ತು ಆ ನಾಲ್ಕರ ಲೆಕ್ಕವಿರುವ ಪುಟಗಳು ಮೊದಲು ಬರಲಿ, ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಓದಿಸುವಂಥ ಸಣ್ಣ ಪುಸ್ತಕವಾಗಿ. ಸಲಹೆಯ ಭಾಗಕ್ಕೆ ಅವಸರವಿಲ್ಲ. ಅನುವಾದಕರು ‘ಜೆಸ್ಚರ್’ಗೆ ಏನನ್ನುತ್ತಾರೆ ಎನ್ನುವ ಕುತೂಹಲ ಮಾತ್ರ ನನಗಿದೆ.