ಸರಕಾರ ಕೇಳುತ್ತದೆ

ಕನ್ನಡದ ‘ಕೇಳು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಹಿಂದಿಯವರಿಗೆ ಇವೆರಡಕ್ಕೂ ಬೇರೆ ಬೇರೆ ಮಾತುಗಳಿವೆ, ನಮಗೆ ಒಂದೇ. ಮುನಿರ್ಕಾದ ಡಿ.ಡಿ.ಎ. ಫ್ಲ್ಯಾಟಿನಲ್ಲಿರುವ, ಸಂಘದ ಸಭೆಗಳಿಗೆ ತಪ್ಪದೆ ಬರುವ ಹಿರಿಯರೊಬ್ಬರು ಹೋದ ತಿಂಗಳು ಬೆಳಗಿನ ತಿರುಗಾಟದಲ್ಲಿ ನನ್ನನ್ನು ತಡೆದು, “ಏನಪ್ಪಾ, ನಿಮ್ಮ ಸರಕಾರ ಈಗ ಮೊಬೈಲಿನಲ್ಲಿಯೇ ಜನರನ್ನು ಕೇಳುತ್ತದಂತಲ್ಲ, ನಿಜವೇ?” ಎಂದರು. “ಕೇಳುತ್ತದೆ ಸಾರ್” ಎಂದೆ. “ಯಾವ ಕೇಳುವುದು?” ಎಂದರು. ತಕ್ಷಣ ಉತ್ತರ ಹೊಳೆಯಲಿಲ್ಲ. ಕಛೇರಿಗೆ ಹೊತ್ತಾಯಿತೆಂದು ನೆಪ ಹೇಳಿ ಮೆಟ್ರೋ ನಿಲ್ದಾಣದ ಕಡೆಗೆ ನಡೆದುಬಿಟ್ಟೆ. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಕೊಡಲು ಯತ್ನಿಸಿದ್ದೇನೆ.

ಮೊದಲಿಗೆ ಒಂದು ಮಾತು. ಕೇಂದ್ರ ಸರಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 9ನೆಯದು, ಸರಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಬಾರದೆನ್ನುತ್ತದೆ. 15ನೆಯದು ಸ್ವಲ್ಪ ದಯೆ ತೋರಿ, ಆಗೀಗ ಸಾಹಿತ್ಯದ, ಕಲೆಯ ಅಥವಾ ವಿಜ್ಞಾನದ ಕೆಲಸ ಮಾಡಿಕೊಳ್ಳಲು ಎಡೆ ಕೊಡುತ್ತದೆ. ಆದ್ದರಿಂದ ನೀತಿ ಒಳ್ಳೆಯದೋ ಕೆಟ್ಟದ್ದೋ ಎಂಬ ಗೊಡವೆ ನನಗೆ ಬೇಡ. ಸರಕಾರ ಪರದೆಯ ಮೇಲೆ ಬರೆದದ್ದನ್ನು ಒಂದು ಕೃತಿಯೆಂದು ಓದುತ್ತೇನೆ. ಯಾರು ಯಾರೊಡನೆ ಮಾತನಾಡುತ್ತಿದ್ದಾರೆ, ಯಾವ ಭಾಷೆಯಲ್ಲಿ, ಮಾತು ಎಲ್ಲಿಗೆ ಮುಗಿಯುತ್ತದೆ ಎಂದು ನೋಡುವುದಷ್ಟೇ ನನ್ನ ಕೆಲಸ. ಇದು ಸಾಹಿತ್ಯ ವಿಮರ್ಶೆ ಎಂದೇ ಓದುಗರು ತಿಳಿಯಬೇಕಾಗಿ ಕೋರುತ್ತೇನೆ.

2014ರ ಜುಲೈ 26ರಂದು ‘ಮೈಗವ್’ ಎಂಬ ಜಾಲತಾಣ ಆರಂಭವಾಯಿತು. ನಾಗರಿಕರು ತಮ್ಮ ವಿಚಾರಗಳನ್ನು ನೇರವಾಗಿ ಸರಕಾರಕ್ಕೆ ಬರೆಯಬಹುದೆಂಬುದು ಅದರ ಉದ್ದೇಶ. ಇದರಿಂದ ಆದ ಕೆಲಸವೂ ಉಂಟು. ಸ್ವಚ್ಛ ಭಾರತದ ಲಾಂಛನ, ಗಾಂಧೀಜಿಯವರ ಕನ್ನಡಕ, ಅಲ್ಲಿ ನಡೆದ ಸ್ಪರ್ಧೆಯಿಂದಲೇ ಬಂದದ್ದು. ಬರೆದವರು ನಮ್ಮ ಗಡಿಗೆ ಹತ್ತಿರದ ಕೊಲ್ಹಾಪುರದವರು. ಆದರೆ ಲಾಂಛನ ಕೇಳುವುದು ಸುಲಭ. ಸಾವಿರ ಜನ ಕಳುಹಿಸುತ್ತಾರೆ, ಒಂದನ್ನು ಆರಿಸಿ ಬಹುಮಾನ ಕೊಟ್ಟರೆ ಎಲ್ಲರಿಗೂ ಸಂತೋಷ. ‘ಈ ಕಾಯಿದೆಯಿಂದ ನಮ್ಮ ತೋಟಕ್ಕೆ ಏನಾಗುತ್ತದೆ?’ ಎಂದು ಒಬ್ಬ ಬರೆದರೆ ಅವನಿಗೆ ಬಹುಮಾನ ಕೊಟ್ಟು ಮುಗಿಸಲಾಗದು. ಅವನಿಗೆ ಬೇಕಾದದ್ದು ಉತ್ತರ.

ಇದಕ್ಕೆ ನಿಯಮ ಇಲ್ಲವೆಂದಲ್ಲ. 2014ರ ಫೆಬ್ರುವರಿಯಲ್ಲಿ ಹೊರಟ ಶಾಸನಪೂರ್ವ ಸಮಾಲೋಚನೆಯ ನೀತಿ ಇದೆ. ಮಸೂದೆಯ ಕರಡನ್ನು ಕನಿಷ್ಠ ಮೂವತ್ತು ದಿನ ಜನರ ಮುಂದಿಡಬೇಕು, ಸರಳ ಮಾತಿನಲ್ಲಿ ವಿವರಣೆ ಕೊಡಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನು ಜಾಲತಾಣದಲ್ಲಿ ಹಾಕಬೇಕು ಎನ್ನುತ್ತದೆ ಅದು. ಓದಲು ಹಿತವಾದ ಕಾಗದ. ಆದರೆ 2022ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕರಡು ಮಸೂದೆ ಬಂದಾಗ, ಕಳುಹಿಸಿದ ಅಭಿಪ್ರಾಯಗಳನ್ನು ಬಹಿರಂಗಪಡಿಸುವುದಿಲ್ಲವೆಂದು ಪ್ರಕಟಣೆಯಲ್ಲಿಯೇ ಹೇಳಿತ್ತು. ಸಂಕೋಚವಿಲ್ಲದೆ ಬರೆಯಲಿ ಎಂಬುದು ಕಾರಣ. ಕಾರಣ ಸುಳ್ಳಲ್ಲ. ಆದರೂ ಸಂಘದ ವಾರ್ಷಿಕ ಸಭೆಯಲ್ಲಿ ಎಲ್ಲರೂ ತಮ್ಮ ಮಾತನ್ನು ಅಧ್ಯಕ್ಷರ ಕಿವಿಯಲ್ಲಿ ಮಾತ್ರ ಹೇಳಿ ಹೋಗಿರೆಂದರೆ ಅದನ್ನು ಸಭೆ ಎನ್ನುತ್ತೇವೆಯೇ?

ಈಗ ಭಾಷೆಯ ವಿಚಾರಕ್ಕೆ ಬರುತ್ತೇನೆ. ನನಗೆ ಮುಖ್ಯವಾದದ್ದು ಇದೇ.

ಪರಿಸರ ಪರಿಣಾಮದ ಅಂದಾಜಿಗೆ ಸಂಬಂಧಿಸಿದ ಹೊಸ ಕರಡು ಅಧಿಸೂಚನೆಯ ಮೇಲಿನ ತಾರೀಖು 2020ರ ಮಾರ್ಚ್ 23. ಮರುದಿನ ನಡುರಾತ್ರಿಯಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಏಪ್ರಿಲ್ 11ರಂದು ಗೆಜೆಟ್ಟಿನಲ್ಲಿ ಬಂತು. ಅಭಿಪ್ರಾಯಕ್ಕೆ ಅರವತ್ತು ದಿನ. ಕರಡಿನ ಒಳಗೆ, ಯೋಜನೆಗಳ ಬಗ್ಗೆ ಜನ ಅಭಿಪ್ರಾಯ ಹೇಳಲು ಇರುವ ಅವಧಿಯನ್ನು ಮೂವತ್ತು ದಿನದಿಂದ ಇಪ್ಪತ್ತಕ್ಕೆ ಇಳಿಸುವ ಸೂಚನೆಯೂ ಇತ್ತು. ಆ ಸೂಚನೆಯ ಬಗ್ಗೆ ಹೇಳಿಕೊಳ್ಳಲು ನಮಗೆ ಅರವತ್ತು ದಿನ! ಕರಡು ಇದ್ದದ್ದು ಹಿಂದಿ, ಇಂಗ್ಲಿಷುಗಳಲ್ಲಿ. ದೆಹಲಿ ಹೈಕೋರ್ಟು ಜೂನ್ 30ರಂದು ಗಡುವನ್ನು ಆಗಸ್ಟ್ 11ರವರೆಗೆ ಮುಂದಕ್ಕೆ ಹಾಕಿ, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿಯೂ ಅದನ್ನು ಪ್ರಕಟಿಸಬೇಕೆಂದು ಆದೇಶಿಸಿತು. ನಮ್ಮ ಊರಿನ ಹೈಕೋರ್ಟೂ ಆಗಸ್ಟ್ ಮೊದಲ ವಾರದಲ್ಲಿ, ಸೆಪ್ಟೆಂಬರ್ 7ರವರೆಗೆ ಅಂತಿಮ ಅಧಿಸೂಚನೆ ಹೊರಡಿಸಕೂಡದೆಂದು ತಡೆ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ಮರುಪರಿಶೀಲನೆಗೆ ಹೈಕೋರ್ಟನ್ನೇ ಕೇಳಿರೆಂದು ಹಿಂದಕ್ಕೆ ಬಂತು. ಅಧಿಕೃತ ಕಾಗದಕ್ಕೆ ಕಾನೂನು ಬಯಸುವುದು ಹಿಂದಿ, ಇಂಗ್ಲಿಷು ಎರಡೇ. ಅನುವಾದ ಮಾಡಿದರೆ ಪದಗಳ ಅರ್ಥ ಮಸುಕಾಗಿ ತಿರುಳೇ ಕಳೆದುಹೋಗಬಹುದು. ಇವು ಸರಕಾರದ ಕಡೆಯ ವಾದಗಳು.

ಮೊದಲನೆಯದಕ್ಕೆ ನಾನು ಉತ್ತರ ಹೇಳಲಾರೆ, ಅದು ವಕೀಲರ ಕೆಲಸ. ಎರಡನೆಯದು ಮಾತ್ರ ಬಿ.ಎಸ್‌ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ ನನ್ನಂಥವನನ್ನು ಕೆಣಕುತ್ತದೆ. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ನಡೆಸಿದ್ದಾರೆ. ಶಿವರಾಮ ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಬಿ.ಜಿ.ಎಲ್. ಸ್ವಾಮಿಯವರು ಪಶ್ಚಿಮ ಘಟ್ಟದ ಕಾಡಿನಲ್ಲಿ ಅಲೆದು ಬರೆದ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು; ಅದರಲ್ಲಿ ಗಿಡಗಳ ಲ್ಯಾಟಿನ್ ಹೆಸರೂ ಇದೆ, ನಗುವೂ ಇದೆ, ತಿರುಳು ಎಲ್ಲಿಯೂ ಕಳೆದುಹೋಗಿಲ್ಲ. ಘಟ್ಟದ ಒಂದೊಂದು ಮರಕ್ಕೂ ಹೆಸರಿಟ್ಟಿರುವ ಭಾಷೆಗೆ ಘಟ್ಟದ ಮೇಲಿನ ಅಧಿಸೂಚನೆಯನ್ನು ಹೊರುವ ಶಕ್ತಿಯಿಲ್ಲವೆಂದರೆ ನಂಬುವುದು ಕಷ್ಟ.

ಇದು ಕೇವಲ ಭಾಷಾಭಿಮಾನದ ಮಾತಲ್ಲ. 2024ರ ಜುಲೈ 31ರಂದು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಮತ್ತೆ ಹೊರಟಿತು. 2014ರಿಂದೀಚೆಗೆ ಅದು ಆರನೆಯ ಕರಡು. ಆರು ರಾಜ್ಯಗಳ 56,825 ಚದರ ಕಿಲೋಮೀಟರು, ಅದರಲ್ಲಿ ನಮ್ಮ ರಾಜ್ಯದ ಪಾಲು 20,668. ಆಕ್ಷೇಪಣೆಗೆ ಅರವತ್ತು ದಿನ. ನನ್ನ ಊರು ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಆಗಸ್ಟಿನ ಒಂದು ರಾತ್ರಿ ಅಮ್ಮ ಫೋನು ಮಾಡಿ, “ಮನೆ ಮಾಡಿಗೆ ಹೊಸ ಹಂಚು ಹಾಕ್ಸೋ ಹಾಗಿಲ್ವಂತೆ, ತೋಟಕ್ಕೆ ಗೊಬ್ಬರ ಹಾಕೋ ಹಾಗಿಲ್ವಂತೆ, ನಿಂಗೆ ದಿಲ್ಲಿಲಿ ಗೊತ್ತಿರ್ಬೇಕಲ್ಲ?” ಎಂದು ಗಾಬರಿಯಾಗಿ ಕೇಳಿದಳು. ಅಣ್ಣನಿಗೆ ವಾಟ್ಸಾಪಿನಲ್ಲಿ ಯಾರೋ ಕಳುಹಿಸಿದ್ದರಂತೆ, ಶುದ್ಧ ಕನ್ನಡದಲ್ಲಿ. ನಾನು ಗೆಜೆಟ್ಟು ತೆಗೆದು ಓದಿದೆ. ಗಣಿ, ಕಲ್ಲುಕ್ವಾರಿ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕಾರಖಾನೆ, ಇಪ್ಪತ್ತು ಸಾವಿರ ಚದರ ಮೀಟರಿಗೆ ಮೇಲ್ಪಟ್ಟ ಹೊಸ ಕಟ್ಟಡ, ಇವುಗಳಿಗೆ ನಿಷೇಧ. ಹಂಚಿಗಲ್ಲ, ಗೊಬ್ಬರಕ್ಕಲ್ಲ. ನಮ್ಮ ಮನೆ ಎಷ್ಟು ಚದರ ಮೀಟರು ಎಂದು ಅಮ್ಮನಿಗೆ ಲೆಕ್ಕ ಹಾಕಿ ಹೇಳಿದ ಮೇಲೆ ಅವಳಿಗೆ ನಿದ್ದೆ ಬಂದಿರಬೇಕು.

ವದಂತಿ ಕನ್ನಡದಲ್ಲಿ ಮನೆಬಾಗಿಲಿಗೆ ಬರುತ್ತದೆ, ಸತ್ಯ ಇಂಗ್ಲಿಷಿನಲ್ಲಿ ಜಾಲತಾಣದ ಮೂಲೆಯಲ್ಲಿ ಕಾಯುತ್ತಿರುತ್ತದೆ. ಹೀಗಿರುವಾಗ ಮಲೆನಾಡಿನವರು ಎಲ್ಲ ಕರಡನ್ನೂ ವಿರೋಧಿಸುತ್ತಾರೆಂದು ದೂರುವುದು ಎಷ್ಟು ಸರಿ? ಕೆಲವರು ತಿಳಿದೇ ವಿರೋಧಿಸಿರಬಹುದು, ಅದು ಅವರ ಹಕ್ಕು. ತಿಳಿಯದೆ ಹೆದರಿದವರ ಸಂಗತಿ ಬೇರೆ.

ಹಳೆಯ ಪದ್ಧತಿಯೊಂದಿದೆ, ಅದರ ಬಗ್ಗೆ ನನಗೆ ಗೌರವ. 2006ರ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸ್ಥಳದಲ್ಲಿಯೇ ಅಹವಾಲು ಸಭೆ ನಡೆಸಬೇಕು, ಚಿತ್ರೀಕರಿಸಬೇಕು, ಕೊನೆಯಲ್ಲಿ ನಡಾವಳಿಯ ಸಾರವನ್ನು ಊರವರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು. 2025ರ ಸೆಪ್ಟೆಂಬರಿನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಗೇರುಸೊಪ್ಪೆಯಲ್ಲಿ ನಡೆದದ್ದು ಇಂಥ ಸಭೆಯೇ. ಅಲ್ಲಿಯೂ ಕೊರತೆಗಳಿವೆ, ವರದಿಯ ಸಾರಾಂಶ ಮಾತ್ರ ಸ್ಥಳೀಯ ಭಾಷೆಯಲ್ಲಿರಬೇಕೆಂಬುದು ನಿಯಮ, ದಪ್ಪ ವರದಿ ಇಂಗ್ಲಿಷಿನದೇ. ಆದರೂ ಎದ್ದು ನಿಂತು ಮಾತನಾಡಿದವನಿಗೆ ತನ್ನ ಮಾತು ಬರೆದುಕೊಂಡರೋ ಇಲ್ಲವೋ ಎಂದು ಅಲ್ಲಿಯೇ ತಿಳಿಯುವ ದಾರಿಯಿದೆ. ಜಾಲತಾಣದ ಚೌಕಕ್ಕೆ ಆ ಕಣ್ಣು ಇಲ್ಲ.

ಪರದೆಯ ಮೇಲೆ ಒಳ್ಳೆಯ ಕೆಲಸ ಆಗುವುದೇ ಇಲ್ಲವೇ? ಆಗುತ್ತದೆ, ಅದೂ ನಮ್ಮ ರಾಜ್ಯದಲ್ಲಿಯೇ ಆಗಿದೆ. ‘ಭೂಮಿ’ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು, ಕನ್ನಡದಲ್ಲಿ. 2012ರ ಏಪ್ರಿಲ್ 2ರಂದು ರಾಜ್ಯವಿಡೀ ಬಂದ ‘ಸಕಾಲ’ದಲ್ಲಿ ಅರ್ಜಿಗೆ ಒಂದು ಸಂಖ್ಯೆ, ಒಂದು ಗಡುವು, ತಡವಾದರೆ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ ಐದುನೂರರವರೆಗೆ ಅರ್ಜಿದಾರನಿಗೆ ಪರಿಹಾರ. ಮೊತ್ತ ಚಿಕ್ಕದು, ಆದರೆ ಗುಮಾಸ್ತನ ಮೇಜಿನ ಮೇಲೆ ಅದರ ತೂಕ ದೊಡ್ಡದು, ಅನುಭವದಿಂದ ಹೇಳುತ್ತಿದ್ದೇನೆ. ಪಹಣಿ ಕೇಳಿದವನಿಗೆ ಗಡುವಿದೆ. ಅಭಿಪ್ರಾಯ ಹೇಳಿದವನಿಗೆ ಯಾವ ಗಡುವೂ ಇಲ್ಲ.

ಗಡುವೊಂದೇ ಸಾಲದೆಂಬುದನ್ನೂ ಒಪ್ಪಿಕೊಳ್ಳಬೇಕು. ಕೇಂದ್ರದ ದೂರು ಜಾಲತಾಣ 2007ರಲ್ಲಿ ಬಂತು. ದೂರು ಮುಗಿಸುವ ಅವಧಿ ಅರವತ್ತು ದಿನವಿದ್ದದ್ದು 45, ಆಮೇಲೆ 30, 2024ರಿಂದ 21 ದಿನಕ್ಕೆ ಇಳಿದಿದೆ. ನಾನು ಹಿಂದೆ ಇದ್ದ ಒಂದು ಶಾಖೆಯಲ್ಲಿ (ಹೆಸರು ಬೇಡ) ಇಂಥ ದೂರುಗಳು ನನ್ನ ಪರದೆಗೆ ಬರುತ್ತಿದ್ದವು. ಗಡುವಿನ ಹಿಂದಿನ ಸಂಜೆ ‘ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ’ ಎಂದು ಬರೆದು ನಾನೇ ಎಷ್ಟೋ ಮುಗಿಸಿದ್ದೇನೆ. ಲೆಕ್ಕದಲ್ಲಿ ಅವೆಲ್ಲ ವಿಲೇವಾರಿ. ಒಮ್ಮೆ ಪಿಂಚಣಿಯ ಬಗ್ಗೆ ಬರೆದಿದ್ದ ವಿಧವೆಯೊಬ್ಬರ ದೂರನ್ನು ಹೀಗೆ ಮುಗಿಸಿದ ಮೇಲೆ, ಅವರು ಅದೇ ದೂರನ್ನು ಅದೇ ಮಾತುಗಳಲ್ಲಿ ಮತ್ತೆ ಕಳುಹಿಸಿದರು, ಕೊನೆಯಲ್ಲಿ ಒಂದೇ ಒಂದು ವಾಕ್ಯ ಸೇರಿಸಿ: ದಯವಿಟ್ಟು ಈ ಸಲ ಓದಿ. ಅಂದು ಫೈಲು ಹಿಡಿದು ಮೂರು ಮಹಡಿ ಹತ್ತಿದೆ. ಕೆಲಸ ಎರಡು ವಾರದಲ್ಲಿ ಆಯಿತು, ಮೊದಲೇ ಹತ್ತಬಹುದಿತ್ತು.

ಅಣ್ಣ ಆ ಸೆಪ್ಟೆಂಬರಿನಲ್ಲಿ ತನ್ನ ಅಭಿಪ್ರಾಯವನ್ನು ಕನ್ನಡದಲ್ಲಿ ಬರೆದು ಕಳುಹಿಸಿದ. ಗಣಿ ನಿಷೇಧ ಸರಿ, ಊರಿನ ಪಟ್ಟಿ ಮಾಡುವ ಮೊದಲು ಗ್ರಾಮಸಭೆ ಕರೆಯಿರಿ ಎಂಬ ಒಂದೂವರೆ ಪುಟ. ಇಂಗ್ಲಿಷಿಗೆ ತಿರುಗಿಸಲೇ ಎಂದೆ. “ಬೇಡ ಮಾರಾಯ, ಅವರು ಕೇಳಿದ್ದು ನಂಗೆ, ನಿಂಗಲ್ಲ” ಎಂದ. ಹಾಗೆಯೇ ಲಕೋಟೆಗೆ ಹಾಕಿ, ಜೋರ್‌ಬಾಗ್ ರಸ್ತೆಯ ಪರಿಸರ ಭವನದ ವಿಳಾಸ ಬರೆದು, ರಿಜಿಸ್ಟರ್ ಮಾಡಿ ಕಳುಹಿಸಿದೆವು. ನಾಲ್ಕು ದಿನಕ್ಕೆ ಸ್ವೀಕೃತಿಯ ಚೀಟಿ ಮುನಿರ್ಕಾದ ಮನೆಗೆ ಬಂತು, ಮೊಹರಿನ ಪಕ್ಕದಲ್ಲಿ ಯಾರೋ ಗುಮಾಸ್ತರ ಸಹಿ. ಚೀಟಿಯನ್ನು ಆ ಹಿರಿಯರಿಗೆ ತೋರಿಸಬೇಕೆಂದು ಜೇಬಿನಲ್ಲಿಟ್ಟುಕೊಂಡಿದ್ದೇನೆ.